ಶಾಗ್ಯಕ್ಕೆ ಒಯ್ದ ಹಾರ

ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತೆನೋ ಇಲ್ಲವೋ, ಮೊಬೈಲು ಕುಂಯ್ ಎಂದಿತು. ನಮ್ಮ ಬಿ.ಎ. ಸಹಪಾಠಿಗಳ ಗುಂಪು. ಯಾರೋ ಸೂರ್ಯೋದಯದ ಚಿತ್ರ ಹಾಕಿದ್ದರು, ಇನ್ಯಾರೋ ಅದಕ್ಕೆ ಕೈ ಮುಗಿದಿದ್ದರು. ನಿಮ್ಮ ಮೊಬೈಲಿನಲ್ಲೂ ಇಂಥದೊಂದು ಗುಂಪು ಇದ್ದೇ ಇರುತ್ತದೆ, ಹೆಚ್ಚು ವಿವರಿಸಬೇಕಿಲ್ಲ. ಕೊಳ್ಳೇಗಾಲದ ಕಾಲೇಜಿನಲ್ಲಿ ಒಂದೇ ಬೆಂಚಿಗೆ ಜಗಳವಾಡಿದವರು ನಾವು. ಈಗ ಒಬ್ಬರ ಬದುಕು ಒಬ್ಬರಿಗೆ ಗೊತ್ತಾಗುವುದು ಹುಟ್ಟುಹಬ್ಬದ ಕೇಕಿನಿಂದ, ಇಲ್ಲವೇ 'ಓಂ ಶಾಂತಿ'ಯಿಂದ. ನಡುವಿನದನ್ನು ಯಾರೂ ಬರೆಯುವುದಿಲ್ಲ. ಬರೆದರೂ ಓದುವ ತ್ರಾಣ ಯಾರಿಗಿದೆ? ನನಗಂತೂ ಇಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಹೀಗೇ ಸಿದ್ದರಾಜುವಿನ ಫೋಟೊ ಬಂತು. ಶಾಗ್ಯದ ಸಿದ್ದರಾಜು, ಬಸ್ ಕಂಡಕ್ಟರ್. ನಾವೆಲ್ಲ ಮ್ಯಾಟಿನಿಗೆ ಹೋದ ದಿನ ಬೇರೆ ಬೇರೆ ಗಂಟಲು ಮಾಡಿ ನಮ್ಮೆಲ್ಲರ ಹಾಜರಿ ಕೂಗುತ್ತಿದ್ದವನು. ಫೋಟೊದಲ್ಲಿ ಕತ್ತಿನ ತುಂಬ ಹಾರ, ಕಣ್ಣು ಮುಚ್ಚಿವೆ, ಕೆಳಗೆ ಒಂದಕ್ಷರವಿಲ್ಲ. ಅವನ ಫೋನಿನಿಂದಲೇ ಬಂದಿತ್ತು. ಮಗ ಹಾಕಿರಬೇಕು ಅಂದುಕೊಂಡೆವು. ಸತ್ತೇಗಾಲದ ಗೆಳೆಯನೊಬ್ಬ 'ಓಂ ಶಾಂತಿ' ಎಂದ. ಆಮೇಲೆ ಸಾಲಾಗಿ ಎಲ್ಲರೂ ಅಂದರು. ನಾನೂ ಅಂದೆ, ಹಲ್ಲುಜ್ಜುತ್ತಲೇ.

ಯಳಂದೂರಿನಿಂದ ಮಹದೇವಪ್ಪ ಫೋನ್ ಮಾಡಿದ. ಅವನೂ ನಮ್ಮ ಕ್ಲಾಸಿನವನೇ, ನಿವೃತ್ತ ಮೇಷ್ಟ್ರು, ನನ್ನ ಹಾಗೇ ಮಂಡಿನೋವಿನವನು.

"ಮುಕ ನೋಡ್ಕಂಡು ಬಂದ್ಬುಡನ ಕಣ್ಲಾ. ಮಣ್ಣು ಎಷ್ಟೊತ್ಗಂತೆ?"

"ಯಾರ್ನ ಕೇಳದು? ಸಾವಿನ ಮನೆಗೆ ಫೋನ್ ಮಾಡಿ ಟೈಮ್ ಕೇಳಕಾದ್ದಾ?"

ನಿಜ ಹೇಳಬೇಕೆಂದರೆ ನನಗೆ ಹೊರಡುವ ಮನಸ್ಸಿರಲಿಲ್ಲ. ಬಿಸಿಲಿತ್ತು, ಮಂಡಿ ಹಿಡಿದಿತ್ತು, ಮಧ್ಯಾಹ್ನದ ನಿದ್ದೆ ತಪ್ಪುತ್ತದಲ್ಲ ಎಂಬ ಚಿಂತೆಯೂ ಇತ್ತು. ಆದರೂ ಹೋಗದಿದ್ದರೆ ನಾಲ್ಕು ಜನ ಏನಂದಾರು ಎಂದು ಹೊರಟೆ. ಮಹದೇವಪ್ಪ ಕೊಳ್ಳೇಗಾಲಕ್ಕೆ ಬಂದ. ಸುಗಂಧರಾಜದ ಹಾರವೊಂದನ್ನು ಕೊಂಡು ಹನೂರಿನ ಬಸ್ಸು ಹತ್ತಿದೆವು.

ದಾರಿಯುದ್ದಕ್ಕೂ ಅವನು ಉಳಿದವರ ಸಮಾಚಾರ ಹೇಳಿದ. ಕಬಡ್ಡಿಯಲ್ಲಿ ಯಾರ ಕೈಗೂ ಸಿಗದಿದ್ದ ರಾಚಪ್ಪನಿಗೆ ಡಯಾಲಿಸಿಸ್. ಕ್ಲಾಸಿಗೇ ಮೊದಲಿಗಳಾಗಿದ್ದ ಬಂಡಳ್ಳಿಯ ಪಾರ್ವತಿ ಮಗಳ ಮನೆಯಲ್ಲಿ ಮೊಮ್ಮಕ್ಕಳ ಮೂಗು ಒರೆಸಿಕೊಂಡಿದ್ದಾಳೆ. ಅಯ್ಯೋ ಪಾಪ ಅನ್ನುತ್ತಲೇ ನಾನು ಕಿಟಕಿಗೆ ತಲೆ ಆನಿಸಿ ತೂಕಡಿಸಿದೆ. ಬೇರೆಯವರ ಕಷ್ಟ ಕೇಳುವುದಕ್ಕೂ ಮೈಯಲ್ಲಿ ಕಸುವು ಬೇಕು ಸ್ವಾಮಿ.

ಹನೂರಿನಲ್ಲಿ ಆಟೊ ಹಿಡಿದು ಶಾಗ್ಯ ಮುಟ್ಟಿದಾಗ ಸಿದ್ದರಾಜುವಿನ ಮನೆ ಮುಂದೆ ಸಾವಿನ ಬೆಂಕಿ ಇರಲಿಲ್ಲ, ತಮಟೆ ಇರಲಿಲ್ಲ, ಜನವೂ ಇರಲಿಲ್ಲ. "ಆಗ್ಲೇ ಎತ್ಬುಟ್ರು ಕಣ್ಲಾ," ಎಂದು ಮಹದೇವಪ್ಪ ಕಣ್ಣೊರೆಸಿಕೊಂಡ. ಅಷ್ಟರಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಸಿದ್ದರಾಜುವೇ ಒಳಗಿನಿಂದ ಬಂದ.

ಅವನು ಹಾರವನ್ನು ನೋಡಿದ, ನಮ್ಮನ್ನು ನೋಡಿದ.

"ಬನ್ರಪ್ಪಾ, ಕೂತ್ಕಳಿ. ನೆನ್ನೆ ರಿಟೈರ್ಡ್ ಆದೆ. ಡಿಪೋಲಿ ಹಾರ ಆಕುದ್ರು. ಪೋಟೊ ತಗಿವಾಗ ಕಣ್ ಮುಚ್ಕಬುಟ್ಟಿದ್ದೀನಿ."

"ಗುಂಪಲ್ಲಿ ಒಂದ್ ಮಾತು ಯೋಳ್ಬಾರ್ದೇನ್ಲಾ?" ಮಹದೇವಪ್ಪ ರೇಗಿದ.

"ಯೋಳನ ಅಂದ್ಕಂಡೆ. ಆಮೇಲೆ, ಏನಾಗಿತ್ತು ಅಂತ ಯಾರಾರ ಒಬ್ರು ಕೇಳ್ತರೇನೋ ನೋಡನ ಅಂತ ಸುಮ್ಕಾದೆ." ಹೆಗಲ ಮೇಲಿನ ಟವೆಲ್ ತೆಗೆದು ನಮಗೆ ಕುರ್ಚಿ ಒರೆಸುತ್ತ ಹೇಳಿದ, "ಯಾರೂ ಕೇಳ್ನಿಲ್ಲ ಕಣ್ಲಾ."

ಸಮಾರಂಭಕ್ಕೆ ಕರೆದು ಅವನು ಹಾಕಿದ್ದ ಕಾರ್ಡು ಕೂಡ ಗುಂಪಿನಲ್ಲೇ ಇತ್ತಂತೆ, ಯಾರದೋ ಸೂರ್ಯೋದಯದ ಕೆಳಗೆ. ನಾವು ಬರುತ್ತೇವೆಂದು ಮುಂದಿನ ಸಾಲಿನ ಕುರ್ಚಿಗಳನ್ನು ಯಾರಿಗೂ ಬಿಡದೆ ಹಿಡಿದಿಟ್ಟಿದ್ದನೆಂದು ನೀರು ತಂದ ಅವನ ಹೆಂಡತಿ ಹೇಳಿದರು. ಒಬ್ಬರೂ ಹೋಗಿರಲಿಲ್ಲ. ನನಗೆ ನಾಚಿಕೆಯಾಯಿತು.

ಮಹದೇವಪ್ಪ ಮೆಲ್ಲಗೆ ಹಾರವನ್ನು ಕುರ್ಚಿಯ ಹಿಂದಕ್ಕೆ ಸರಿಸಿದ. ಸಿದ್ದರಾಜು ಬಿಡಲಿಲ್ಲ. "ತಕಂಡ್ ಬಂದಿದ್ದೀರಲ್ಲ, ಆಕ್ರಿ ಮತ್ತೆ."

"ಬ್ಯಾಡಿ ಕಣ್ರಣ್ಣಾ," ಎಂದರು ಅವನ ಹೆಂಡತಿ, "ಎಣಕ್ಕೆ ಅಂತ ತಂದಿರದು, ಒಳ್ಳೇದಲ್ಲ."

"ಸುಮ್ಕಿರು ನೀನು. ನೆನ್ನೆ ಬರ್ಬೇಕಾಗಿತ್ತು, ಇವತ್ತು ಬಂದವ್ರೆ." ಹಾಗೆಂದು ಅವನು ನಮ್ಮ ಮುಂದೆ ತಲೆ ಬಗ್ಗಿಸಿ ನಿಂತ.

ಇಬ್ಬರೂ ಸೇರಿ ಹಾಕಿದೆವು. ನನ್ನ ಬೆರಳಿಗೆ ಅವನ ಕತ್ತು ತಾಗಿತು. ಬೆಚ್ಚಗಿತ್ತು.

ಗುಂಪು ಈಗಲೂ ಹಾಗೇ ಇದೆ, ನಾನೂ ಹೆಚ್ಚೇನೂ ಬದಲಾಗಿಲ್ಲ; ಅರ್ಧಕ್ಕರ್ಧ ಓದದೆಯೇ ಅಳಿಸುತ್ತೇನೆ. ಆದರೆ ಭಾನುವಾರ ಸಂಜೆ ಶಾಗ್ಯದಿಂದ ಫೋನ್ ಬರುತ್ತದೆ, ಬರುವುದು ತಡವಾದರೆ ನಾನೇ ಮಾಡುತ್ತೇನೆ.

"ಇದ್ದೀಯೇನ್ಲಾ?"

"ಇವ್ನಿ ಕಣ್ಲಾ."

ಆಮೇಲೆ ಇಬ್ಬರಿಗೂ ಹೇಳಲು ಏನೂ ಇರುವುದಿಲ್ಲ. ಆದರೂ ಇಬ್ಬರೂ ಫೋನ್ ಇಡುವುದಿಲ್ಲ.