ಅರಿಶಿನದ ಕೊಂಬು ಮತ್ತು ಅಯಸ್ಕಾಂತ

ಮೊನ್ನೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಹೆಂಡತಿ ಕಲಶಕ್ಕೆಂದು ದಾರಕ್ಕೆ ಅರಿಶಿನದ ಕೊಂಬು ಕಟ್ಟುತ್ತಿದ್ದಳು. ಒಣಕೊಂಬಿನ ಆ ವಾಸನೆಗೆ ನನಗೆ ದೇವರು ನೆನಪಾಗುವುದಿಲ್ಲ. ತಿಲಕ್ ನಗರದ ಒಂದು ಸ್ಕ್ಯಾನಿಂಗ್ ಸೆಂಟರ್, ಅಲ್ಲಿ ಎಂಆರ್‌ಐ ಯಂತ್ರ ನಡೆಸುತ್ತಿದ್ದ ಮೇಡಂ ನೆನಪಾಗುತ್ತಾರೆ.

ಹದಿಮೂರು ವರ್ಷದ ಹಿಂದಿನ ಮಾತು. ಹೆಂಡತಿಗೆ ಎಂಟು ತಿಂಗಳು. ಬೆಳಿಗ್ಗೆ ತಲೆ ಸಿಡಿಯುತ್ತಿದೆ ಎಂದವಳು, ಕಾಫಿ ಲೋಟ ಮುಂದಿಟ್ಟರೆ ಕಾಣುತ್ತಿಲ್ಲ ಎಂದಳು. ಆಸ್ಪತ್ರೆಗೆ ಹೋದಾಗ ರಕ್ತದೊತ್ತಡ ವಿಪರೀತ ಏರಿತ್ತು. ಇಂಜೆಕ್ಷನ್ ಕೊಟ್ಟು ಅದನ್ನು ತಗ್ಗಿಸಿದ ಡಾಕ್ಟರು, "ಇವತ್ತೇ ಮಗು ತೆಗೀಬೇಕು. ಅದಕ್ಕೆ ಮುಂಚೆ ಮಿದುಳಲ್ಲಿ ರಕ್ತ ಒಸರಿದೆಯಾ ನೋಡ್ಬೇಕು" ಎಂದು ನರ್ಸ್ ಜೊತೆ ಪಕ್ಕದ ಕಟ್ಟಡಕ್ಕೆ ಕಳಿಸಿದರು.

ಮೇಡಂಗೆ ಐವತ್ತು ದಾಟಿತ್ತು. ಕನ್ನಡಕಕ್ಕೆ ಕಪ್ಪು ದಾರ ಇತ್ತೆಂದು ನೆನಪು... ಇಲ್ಲದೆಯೂ ಇದ್ದಿರಬಹುದು. ಮೈಮೇಲಿನ ಲೋಹವೆಲ್ಲ ತೆಗೆಯಿರಿ ಎಂದರು. ಓಲೆ ಬಂತು, ಕಾಲುಂಗುರ ಬಂತು. ತಾಳಿಯ ಹತ್ತಿರ ಎಲ್ಲ ನಿಂತಿತು.

ಮುಂದಿನದನ್ನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. ನನ್ನ ಅಮ್ಮ "ಇಂಥಾ ಹೊತ್ತಲ್ಲಿ ತಾಳಿ ತೆಗೀತಾರೇನೋ" ಎಂದು ಅಡ್ಡ ನಿಂತರು. ಭೌತಶಾಸ್ತ್ರ ಕಲಿಸುವ ನಾನು ಅಯಸ್ಕಾಂತದ ಪಾಠ ಹೇಳಿ ಅವರ ಬಾಯಿ ಮುಚ್ಚಿಸಿದೆ. ಮೇಡಂ ಮಾತ್ರ ವಾದಕ್ಕೆ ನಿಲ್ಲದೆ ಮೇಜಿನ ಡ್ರಾಯರ್ ಎಳೆದರು. ಒಳಗೊಂದು ಡಬ್ಬಿ, ಅದರ ತುಂಬ ದಾರ ಕಟ್ಟಿಟ್ಟ ಅರಿಶಿನದ ಕೊಂಬು.

"ಮೊದಲು ಇದು ಕಟ್ಟಿ ಸಾರ್, ಆಮೇಲೆ ಅದು ಬಿಚ್ಚಿ. ಮಷೀನಿಗೆ ಇದು ಗೊತ್ತೇ ಆಗಲ್ಲ."

ರಕ್ತ ಒಸರಿರಲಿಲ್ಲ. ಮಿದುಳಿನ ಹಿಂಭಾಗದಲ್ಲಿ, ಕಂಡದ್ದನ್ನು ಗ್ರಹಿಸುವ ಜಾಗದಲ್ಲಿ, ಊತ ಬಂದಿತ್ತು. ಒತ್ತಡ ಇಳಿದಂತೆ ಅದೂ ಇಳಿಯಬಹುದು ಎಂದರು ಡಾಕ್ಟರು. ಸಂಜೆ ಮಗಳು ಹುಟ್ಟಿದಳು. ಮೂರನೆಯ ದಿನ ಅವಳಮ್ಮ ಅವಳ ಮುಖ ನೋಡಿದಳು.

ಮೊನ್ನೆ ಇದನ್ನೇ ಮಗಳಿಗೆ ಹೇಳುತ್ತಿದ್ದೆ. ಹೆಂಡತಿ ಗಂಟು ಹಾಕುತ್ತಲೇ, "ಅತ್ತೆ ಅವತ್ತು ಮೈಸೂರಲ್ಲಿದ್ರು ರೀ" ಎಂದಳು.

"ಮತ್ತೆ ತೆಗೀಬೇಡಿ ಅಂದಿದ್ದು ಯಾರಮ್ಮ?" ಎಂದಳು ಮಗಳು.

"ನಿಮ್ಮಪ್ಪ. 'ಮೇಡಂ, ಅದೊಂದು ಇರ್ಲಿ, ಆಗಲ್ವಾ' ಅಂತ. ನಂಗೆ ಕಣ್ಣು ಕಾಣ್ತಿರ್ಲಿಲ್ಲ, ಕಿವಿ ಚೆನ್ನಾಗೇ ಕೇಳ್ತಿತ್ತು."

ಮಗಳು ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು. ನಾನು ನೆನಪಿನಲ್ಲಿ ಅಮ್ಮನನ್ನು ಆ ಕೋಣೆಯಲ್ಲಿ ನಿಲ್ಲಿಸಿ ನೋಡಿದೆ. ನಿಲ್ಲಲಿಲ್ಲ. ಬದಲಿಗೆ ಕಂಡದ್ದು ನನ್ನ ಬೆರಳು, ಬೀಳದ ಗಂಟು, ದಾರದ ತುದಿಯನ್ನು ಒತ್ತಿ ಹಿಡಿದ ಮೇಡಂ ಹೆಬ್ಬೆರಳು... ಇದಾದರೂ ನಿಜವೋ, ಈಗ ಕಟ್ಟಿಕೊಂಡದ್ದೋ.

ಅವರನ್ನೇ ಕೇಳೋಣವೆಂದು ಹಬ್ಬದ ಮಾರನೆಯ ದಿನ ಹೋದೆ. ಯಂತ್ರದ ಮುಂದೆ ಹೊಸ ಹುಡುಗಿ ಇದ್ದಳು. "ಮೇಡಂ ತೀರ್ಕೊಂಡು ಎರಡು ವರ್ಷ ಆಯ್ತಲ್ಲ ಸಾರ್" ಎಂದಳು. ನಾನು ಬಂದ ಕಾರಣ ಹೇಳಿದಾಗ ಡ್ರಾಯರ್ ಎಳೆದು ತೋರಿಸಿದಳು. ಅದೇ ಡಬ್ಬಿ ಇರಬೇಕು. ಎರಡೇ ಕೊಂಬು ಉಳಿದಿದ್ದವು.

ಒಂದು ಥ್ಯಾಂಕ್ಸ್ ಕೂಡ ಹೇಳದೆ ಹದಿಮೂರು ವರ್ಷ ಅದೇ ಬೀದಿಯಲ್ಲಿ ಓಡಾಡಿದ್ದೆ.

ಇವತ್ತು ಊಟದ ಮೇಜಿನ ಮೇಲೆ ಅರ್ಧ ಕಿಲೋ ಅರಿಶಿನದ ಕೊಂಬು, ದಾರದ ಉಂಡೆ ಇಟ್ಟುಕೊಂಡು ಕೂತಿದ್ದೇನೆ. ಹೆಂಡತಿ ಕನ್ನಡಕವಿಲ್ಲದೆ ಅಡುಗೆಮನೆ ಬಾಗಿಲಿಂದಲೇ ನೋಡಿ ಹೇಳುತ್ತಿದ್ದಾಳೆ, "ಆ ಗಂಟು ಸಡಿಲ ಆಯ್ತು, ಬಿಚ್ಚಿ ಕಟ್ರಿ."