ಕೆನ್ನೆಯಕ್ಕ ತಡೆದ ಹನ್ನೊಂದು ಸಾಲು

ಕೆನ್ನೆಯಕ್ಕ ಅನ್ನುವ ಹೆಸರು ಬಂದದ್ದು ಕೆನ್ನೆಯ ಚೆಲುವಿನಿಂದ ಅಂದುಕೊಂಡರೆ ಪೂರಾ ತಪ್ಪು. ಬೆಳಗ್ಗೆ ಎಂಟಕ್ಕೆ ಬಂದು ಏಪ್ರನ್ ಕಟ್ಟಿಕೊಂಡಳೆಂದರೆ ಊಟದ ಗಂಟೆಯವರೆಗೂ ಅವಳ ಎಡಗೆನ್ನೆ ಉಬ್ಬಿಕೊಂಡೇ ಇರುತ್ತಿತ್ತು. ಒಳಗೆ ಹಾಲಿನ ಕೋಲಿನ ಒಂದು ತುಂಡು. ಮಾತಾಡಿಸಿದರೆ ಹ್ಞೂಂ, ಇಲ್ಲವೇ ಉಹ್ಞೂಂ, ಅಷ್ಟೇ. ಇಪ್ಪತ್ತೆರಡು ವರ್ಷದಿಂದ ಅವಳಿಗೆ ಸಂಬಳ ಬರುತ್ತಿದ್ದದ್ದು ಆ ಕೆನ್ನೆಗೆ.

ಹಾಲಿನ ಕೋಲು ಅಂದರೆ ನಾಯಿ ಅಗಿಯುವ ಕೋಲು. ಮೊದಲು ಇದು ಮನುಷ್ಯರದೇ ಬುತ್ತಿ. ದನ ಮೇಯಿಸುವವರು ಮಿಕ್ಕ ಹಾಲನ್ನು ಒಡೆಸಿ, ನೀರು ಹಿಂಡಿ, ಕಲ್ಲಿನಡಿ ಒತ್ತಿ, ಒಲೆಯ ಮೇಲಿನ ಹೊಗೆಗೆ ನೇತುಹಾಕುತ್ತಿದ್ದರು. ಆರು ತಿಂಗಳಲ್ಲಿ ಅದು ಕಟ್ಟಿಗೆಯಾಗುತ್ತಿತ್ತು. ಒಂದು ಚೂರು ಕೆನ್ನೆಗಿಟ್ಟುಕೊಂಡು ಹೊರಟರೆ ಸಂಜೆಯವರೆಗೂ ಹಸಿವಿನ ಮಾತಿಲ್ಲ. ಯಾರದೋ ಜೇಬಿನಿಂದ ಬಿದ್ದ ಚೂರನ್ನು ಯಾರದೋ ನಾಯಿ ಮುಂಗಾಲಿನ ನಡುವೆ ಹಿಡಿದು ಇಡೀ ದಿನ ಅಗಿಯಿತಂತೆ. ನೋಡಿದವರೆಲ್ಲ ನಕ್ಕು ಸುಮ್ಮನಾದರು. ಈಗಿನ ಮಾಲೀಕನ ತಂದೆ ಮಾತ್ರ ಸುಮ್ಮನಾಗಲಿಲ್ಲ, ಆ ನಾಯಿಯ ಪಕ್ಕದಲ್ಲೇ ಕೂತು ಸಂಜೆಯವರೆಗೆ ನೋಡಿದ. ಕಾರ್ಖಾನೆ ಎದ್ದದ್ದು ಹೀಗೆ. ಈಗ ಮನುಷ್ಯರು ಯಾರೂ ಅದನ್ನು ತಿನ್ನುವುದಿಲ್ಲ, ಎಲ್ಲರಿಗೂ ಬಿಸ್ಕತ್ತು ಬೇಕು.

ದೂರದ ಊರುಗಳಿಂದ ನಾಯಿ ಸಾಕಿದವರು ಕಾಗದ ಬರೆಯುತ್ತಿದ್ದರು. ತೊಗಲಿನ ಸುರುಳಿ ಕೊಟ್ಟರೆ ಅರ್ಧ ಗಂಟೆಯಲ್ಲಿ ನುಂಗಿ ವಾಂತಿ ಮಾಡುತ್ತಿತ್ತು, ಮೂಳೆ ಸಿಗಿದು ಬಾಯಿಗೆ ಚುಚ್ಚುತ್ತಿತ್ತು, ಕೊಂಬು ಕಚ್ಚಿ ಹಲ್ಲೇ ಮುರಿದುಕೊಂಡಿತು, ನಿಮ್ಮ ಕೋಲು ಮಾತ್ರ ವಾರಗಟ್ಟಲೆ ಬರುತ್ತೆ, ಜಮಖಾನೆಗೆ ವಾಸನೆಯಿಲ್ಲ, ನಮ್ಮ ಚಪ್ಪಲಿಗಳು ಬದುಕಿದವು ಅಂತ. ಹಾಲು, ಹುಳಿ, ಉಪ್ಪು, ಹೊಗೆ ಬಿಟ್ಟರೆ ಅದರಲ್ಲಿ ಐದನೆಯದಿಲ್ಲ. ಮಾಲೀಕ ಆ ಕಾಗದಗಳನ್ನು ಊಟದ ಮನೆಯ ಗೋಡೆಗೆ ಅಂಟಿಸುತ್ತಿದ್ದ. ಕೆನ್ನೆಯಕ್ಕ ಅವನ್ನು ಓದಿದವಳಲ್ಲ. ಅವಳಿಗೆ ನಾಯಿಗಳೆಂದರೆ ಅಷ್ಟಕ್ಕಷ್ಟೇ.

ಅವಳ ಕೆಲಸ ಒಣಗುಕೋಣೆಯಲ್ಲಿ. ಒಬ್ಬೊಬ್ಬರು ಒಂದು ವಾರ ಒತ್ತಿದ ಕೋಲೆಲ್ಲ ಒಂದು ಸಾಲು. ಸಾಲು ಇಪ್ಪತ್ತಾರು ವಾರ ತುಂಬಿ ಹಣ್ಣಾದಾಗ ಅವಳು ಅದರ ಮೂರು ಕಡೆಯಿಂದ ತುಂಡು ಮುರಿದು, ಒಂದೊಂದನ್ನೂ ಕಾಲು ಗಂಟೆ ಕೆನ್ನೆಯಲ್ಲಿ ಇಟ್ಟುಕೊಳ್ಳಬೇಕು. (ಆ ತುಂಡು ಮತ್ತೆ ಡಬ್ಬಕ್ಕೆ ಹೋಗುತ್ತಿರಲಿಲ್ಲ, ನಾಯಿಯವರು ಗಾಬರಿಯಾಗುವುದು ಬೇಡ.) ಸರಿಯಾಗಿ ಒತ್ತಿದ ಕೋಲು ಸೋಪಿನ ಹಾಗೆ ಮೇಲಿಂದ ಮೇಲೆ ಸವೆಯುತ್ತದೆ. ಒತ್ತುವುದು ಕಡಿಮೆಯಾಗಿದ್ದರೆ ಒಳಗೆ ಗಾಳಿ ಉಳಿದು, ಎಂಜಲು ಇಳಿದು, ತುಂಡು ಚಕ್ಕೆಚಕ್ಕೆಯಾಗಿ ಬಿಡುತ್ತದೆ. ಅಂಥ ಚಕ್ಕೆ ನಾಯಿಯ ಗಂಟಲಲ್ಲಿ ಅಡ್ಡ ನಿಂತರೆ ಮುಗಿಯಿತು. ಹೊಗೆ ಹಿಡಿದು ಒಣಗಿದ ಮೇಲೆ ಹೊರಗಿನಿಂದ ಎರಡಕ್ಕೂ ವ್ಯತ್ಯಾಸವಿಲ್ಲ. ಸರಿಯಿದ್ದ ಸಾಲಿಗೆ ಹಸಿರು ದಾರ, ಕೆಟ್ಟದ್ದಕ್ಕೆ ಕೆಂಪು. ಕೆಂಪು ಬಿದ್ದದ್ದು ಪುಡಿಯಾಗಿ ಕೋಳಿಗಳಿಗೆ ಹೋಗುತ್ತಿತ್ತು.

ಒತ್ತುವವರಲ್ಲಿ ಎಲ್ಲರಿಗಿಂತ ಹಳಬ ಅವಳ ಗಂಡ. ಕಬ್ಬಿಣದ ಯಂತ್ರ, ಅದಕ್ಕೊಂದು ಉದ್ದ ತೋಳು. ಮೂರು ಸಲ ತಿರುಗಿಸಬೇಕು, ಮೂರನೆಯ ಸಲ ಮೈಯ ಭಾರವನ್ನೆಲ್ಲ ಹಾಕಿ ತೂಗಬೇಕು. ಅವನ ಸಾಲಿಗೆ ಕೆಂಪು ದಾರ ಬಿದ್ದದ್ದೇ ಇಲ್ಲ. ಹೆಂಡತಿಯೇ ಪರೀಕ್ಷೆ ಮಾಡಿದರೆ ಇನ್ನೇನಾಗುತ್ತೆ ಅಂತ ಹೊಸಬರು ಮೂಗು ಮುರಿಯುತ್ತಿದ್ದರು, ಹಳಬರು ಅವರ ಬಾಯಿ ಮುಚ್ಚಿಸುತ್ತಿದ್ದರು. ಅವಳು ತನ್ನ ಭಾವನ ಮಗನ ಸಾಲನ್ನೇ ಎರಡು ಸಲ ಕೋಳಿಗೆ ಹಾಕಿಸಿದವಳು.

ಮೂರೂವರೆ ತಿಂಗಳ ಹಿಂದೆ ಅವನು ಸತ್ತ. ಹೃದಯ ದಣಿದುಹೋಗಿದೆ, ಇದು ಇವತ್ತಿನದಲ್ಲ ಅಂದಿದ್ದರು ಡಾಕ್ಟರು. ಎಷ್ಟು ದಿನದಿಂದ ಅಂತ ಕೇಳಿದ್ದಕ್ಕೆ ಅವನು ಮಂಚದ ಮೇಲಿಂದಲೇ, ಎರಡು ದಿನದಿಂದ ಸ್ವಲ್ಪ ಸುಸ್ತು, ಅಂದಿದ್ದ. ಮೂರನೆಯ ದಿನಕ್ಕೆ ಹೋಗಿಯೇಬಿಟ್ಟ. ಮಣ್ಣು ಮಾಡಿ ಬಂದ ಸಂಜೆ ಅವನ ತಂಗಿ, ಕೆನ್ನೆಯಕ್ಕನ ನಾದಿನಿ, ಎಲ್ಲರ ಎದುರಿಗೆ ಕೇಳಿದಳು:

"ಒಂದೇ ಮನೇಲಿದ್ದೆ, ಒಂದೇ ಮಂಚದಲ್ಲಿ ಮಲಗ್ತಿದ್ದೆ. ನಿಂಗೆ ಗೊತ್ತಾಗ್ಲಿಲ್ವಾ?"

ಎರಡೇ ದಿನ ಅಂತ ಅವರೇ ಹೇಳಿದರಲ್ಲ ಅಂದಳು ಕೆನ್ನೆಯಕ್ಕ. ಆಮೇಲೆ ಯಾರು ಕೇಳಿದರೂ ಅದೊಂದೇ ಉತ್ತರ. ಅಳು ಬರಲಿಲ್ಲ. ಬರುತ್ತೆ ಅಂತ ನೆರೆಯವರು ಒಂದು ವಾರ ಕಾದರು, ಆಮೇಲೆ ಕಲ್ಲುಮನಸ್ಸಿನವಳು ಅಂತ ತೀರ್ಮಾನಿಸಿ ತಮ್ಮ ತಮ್ಮ ಮನೆಗೆ ಹೋದರು. ಅವಳು ಹತ್ತನೆಯ ದಿನವೇ ಕೆಲಸಕ್ಕೆ ಬಂದಳು. ಬಾಯಲ್ಲಿ ತುಂಡಿದ್ದರೆ ಸಮಾಧಾನ ಹೇಳುವವರಿಗೆ ಉತ್ತರ ಕೊಡಬೇಕಿಲ್ಲ. ಪರೀಕ್ಷೆಯಿಲ್ಲದ ದಿನವೂ ಒಂದನ್ನು ಕೆನ್ನೆಗೆ ತುರುಕಿಕೊಂಡು ಓಡಾಡಿದಳು. ಮನೆಯಲ್ಲಿ ಎರಡು ತಟ್ಟೆ ಇಟ್ಟು, ಒಂದನ್ನು ಎತ್ತಿಡುವಾಗಲೂ ಏನೂ ಅನ್ನಿಸುತ್ತಿರಲಿಲ್ಲ. ತಾನು ನಿಜಕ್ಕೂ ಕಲ್ಲೇ ಇರಬೇಕು ಅಂತ ಒಂದೆರಡು ಸಲ ಅಂದುಕೊಂಡಳು.

ನಾದಿನಿಯ ಕೆಲಸ ಕತ್ತರಿಸುವ ಮೇಜಿನಲ್ಲಿ. ಅಣ್ಣ ಒತ್ತಿಟ್ಟ ಹಲಗೆಯಂಥ ಗಟ್ಟಿಯನ್ನು ಮಾರನೆಯ ಬೆಳಗ್ಗೆ ಕೋಲುಗಳಾಗಿ ಕತ್ತರಿಸುವವಳು ಅವಳು. ಆ ಸಂಜೆಯ ನಂತರ ಅತ್ತಿಗೆ-ನಾದಿನಿ ಮುಖಕ್ಕೆ ಮುಖ ಕೊಟ್ಟಿರಲಿಲ್ಲ.

ಮಾಲೀಕ ಒಂದು ಸೋಮವಾರ ಬೆಳಗ್ಗೆ ಒಣಗುಕೋಣೆಗೆ ಬಂದ. ನಿಮ್ಮ ಯಜಮಾನರು ಒತ್ತಿದ್ದು ಇನ್ನು ಹನ್ನೊಂದೇ ಸಾಲು ಉಳಿದಿರೋದು, ಒಂದೊಂದಾಗಿ ಹಣ್ಣಾದ ಹಾಗೆ ಅವರ ಹೆಸರು ಹಾಕಿ ಬೇರೆ ಡಬ್ಬದಲ್ಲೇ ಕಳಿಸೋಣ, ಅವರ ಮರ್ಯಾದೆಗೆ, ಅಂದ. ಒಳ್ಳೆಯ ಮನುಷ್ಯ, ಒಳ್ಳೆಯ ಮಾತೇ ಆಡಿದ. ಅವಳು ಹ್ಞೂಂ ಅಂದಳು. ಅವತ್ತಿಗೇ ಹನ್ನೊಂದರಲ್ಲಿ ಮೊದಲನೆಯ ಸಾಲಿಗೆ ಇಪ್ಪತ್ತಾರು ವಾರ ತುಂಬಿತ್ತು.

ಮೊದಲ ತುಂಡು ಐದು ನಿಮಿಷಕ್ಕೇ ಕೆನ್ನೆಯಲ್ಲಿ ಬಿರಿಯಿತು. ನಾಲಿಗೆಗೆ ಒಂದು ಚೂಪು ತಾಗಿತು. ಉಗುಳಿ ನೋಡಿದಳು, ಚಕ್ಕೆ. ಎರಡನೆಯದೂ ಹಾಗೇ. ಮೂರನೆಯದನ್ನು ಬಾಯಿಗಿಡದೆ ಚಾಕುವಿನಿಂದ ಸೀಳಿದಳು. ಒಳಗೆ ಸಾಸಿವೆಯಷ್ಟು ಸಾಸಿವೆಯಷ್ಟು ತೂತು. ಮೂರನೆಯ ತಿರುವು ಬಿದ್ದಿರಲಿಲ್ಲ.

ಉಳಿದ ಹತ್ತು ಇನ್ನೂ ಹಣ್ಣಾಗದ ಸಾಲು, ಮುಟ್ಟುವ ಹಾಗಿಲ್ಲ. ಅವಳು ಮುಟ್ಟಿದಳು. ಪ್ರತಿ ಸಾಲಿನಿಂದ ಒಂದೊಂದು ಇಳಿಸಿ ಸೀಳುತ್ತಾ ಹೋದಳು. ಸಾಸಿವೆಯಷ್ಟಿದ್ದ ತೂತು ಕಡಲೆಯಷ್ಟಾಯಿತು, ಕಡಲೆ ಬೆರಳ ತುದಿಯಾಯಿತು. ಕೊನೆಯ ಸಾಲಿನದು ಒಳಗೆ ಜೇನುಗೂಡು. ಆ ವಾರ ಅವನು ಎರಡನೆಯ ತಿರುವನ್ನೂ ತಿರುಗಿಸಿರಲಿಲ್ಲ.

ಎರಡು ದಿನವಲ್ಲ, ಹನ್ನೊಂದು ವಾರ. ಅವಳು ಸೀಳಿದ ಕೋಲುಗಳ ಮುಂದೆ ಸ್ಟೂಲು ಎಳೆದು ಕೂತಳು. ಆ ಹನ್ನೊಂದು ವಾರದಲ್ಲೇ ಅವನು ಮನೆಯ ಮೆಟ್ಟಿಲ ಮೇಲೆ, ಮೂರನೆಯದರಲ್ಲಿ, ದಿನಾ ಕೂರುತ್ತಿದ್ದದ್ದು. ಶೂ ದಾರ ಬಿಚ್ಚಿದೆ ಅನ್ನುತ್ತಿದ್ದ. ಈ ವಯಸ್ಸಿಗೆ ದಾರ ಕಟ್ಟೋದು ಕಲೀತಿದೀರಾ ಅಂತ ಅವಳು ಮೇಲಿನಿಂದ ಗೇಲಿ ಮಾಡುತ್ತಿದ್ದಳು. ಬೀರು ಸರಿಸಲು ಕರೆದಾಗ ನಾಳೆ ಅಂದಿದ್ದ, ನಾಳೆಯೂ ನಾಳೆ ಅಂದಿದ್ದ. ಮೈಗಳ್ಳ ಅಂದುಬಿಟ್ಟಿದ್ದಳು, ಅದೂ ಪಕ್ಕದ ಮನೆಯವರಿಗೆ ಕೇಳಿಸುವ ಹಾಗೆ. ಅವನು ನಕ್ಕಿದ್ದ. ಇದೆಲ್ಲ ಬೇರೆ ಯಾರದೋ ಮನೆಯ ಸುದ್ದಿ ಎಂಬಂತೆ ಒಂದರ ಹಿಂದೊಂದು ನೆನಪಾಯಿತು. ಅವಳು ಎದೆ ಮುಟ್ಟಿ ನೋಡಿಕೊಂಡಳು, ಏನೂ ಆಗುತ್ತಿರಲಿಲ್ಲ.

ಹಸಿರು ದಾರ ಕೈಯಲ್ಲೇ ಇತ್ತು. ಕಟ್ಟಿಬಿಟ್ಟರೆ ಕೇಳುವವರು ಯಾರೂ ಇಲ್ಲ, ಅವಳ ಕೆನ್ನೆಯ ಮೇಲೆ ಇನ್ನೊಬ್ಬರ ತನಿಖೆಯಿಲ್ಲ. ಗಂಡನ ಹೆಸರು ಉಳಿಯುತ್ತೆ. ತನ್ನ ಎರಡು ದಿನದ ಮಾತೂ ಉಳಿಯುತ್ತೆ. ಕೆಂಪು ಕಟ್ಟಿದರೆ ಕೋಲುಗಳನ್ನು ಅಂಗಳಕ್ಕೆ ತಂದು ಎಲ್ಲರ ಎದುರಿಗೇ ಒಡೆಯಬೇಕು. ಆ ತೂತುಗಳನ್ನು ನಾದಿನಿ ನೋಡುತ್ತಾಳೆ. ಗೊತ್ತಾಗ್ಲಿಲ್ವಾ ಅಂತ ಇನ್ನೊಂದು ಸಲ ಕೇಳುತ್ತಾಳೆ. ನಾಲಿಗೆಯ ಮೇಲೆ ಚಕ್ಕೆ ಕೊರೆದ ಕಡೆ ಉರಿಯುತ್ತಿತ್ತು. ಇದನ್ನು ಯಾವುದೋ ಮೂಕಪ್ರಾಣಿಯ ಬಾಯಿಗೆ ಹಾಕುವುದಕ್ಕೆ ಆಗುವುದಿಲ್ಲ ಅನ್ನಿಸಿತು. ಎದ್ದು ಹನ್ನೊಂದೂ ಸಾಲಿಗೆ ಕೆಂಪು ಕಟ್ಟಿದಳು.

ಮಾಲೀಕನ ಮುಖ ಸಣ್ಣದಾಯಿತು, ಆದರೆ ಎದುರಾಡಲಿಲ್ಲ. ಮಧ್ಯಾಹ್ನ ಅಂಗಳದಲ್ಲಿ ಗಂಡಾಳುಗಳು ಸುತ್ತಿಗೆ ಹಿಡಿದರು. ಎಲ್ಲರೂ ಬಾಗಿಲಿಗೆ ಬಂದು ನಿಂತರು. ಕೆನ್ನೆಯಕ್ಕ ನೆಟ್ಟಗೆ ಕತ್ತರಿಸುವ ಮೇಜಿನ ಹತ್ತಿರ ಹೋದಳು. ಇಪ್ಪತ್ತೆರಡು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಖಾಲಿ ಬಾಯಲ್ಲಿ ಅವಳು ಅಲ್ಲಿಗೆ ಹೋದದ್ದು ಅದೇ ಮೊದಲು. ಬೇರೆಯವರ ಬಾಯಿಂದ ಕೇಳುವ ಮೊದಲು ತಾನೇ ಹೇಳಿಬಿಡುವುದು ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

"ಎರಡು ದಿನ ಅಲ್ಲ," ಅಂದಳು. "ಹನ್ನೊಂದು ವಾರ. ನಂಗೆ ಗೊತ್ತಾಗ್ಲಿಲ್ಲ."

ನಾದಿನಿ ಕೈಯಲ್ಲಿದ್ದ ಕತ್ತರಿಸುವ ತಂತಿಯನ್ನು ಕೆಳಗಿಟ್ಟಳು. ಏಪ್ರನ್ನಿಗೆ ಕೈ ಒರೆಸಿದಳು, ಒಣಗಿದ ಕೈಯನ್ನೇ ಮತ್ತೆ ಒರೆಸಿದಳು.

"ಹದಿಮೂರು," ಅಂದಳು.

ಕೆನ್ನೆಯಕ್ಕನಿಗೆ ತಕ್ಷಣ ಅರ್ಥವಾಗಲಿಲ್ಲ. ನಾದಿನಿ ಅವಳ ಮುಖ ನೋಡದೆ ಹೇಳಿದಳು. ಗಟ್ಟಿ ಕತ್ತರಿಸುವವಳಿಗೆ ತೂತು ಮೊದಲು ಕಾಣದೆ ಇನ್ಯಾರಿಗೆ ಕಾಣುತ್ತೆ? ಮೊದಲ ಎರಡು ವಾರ ತೂತು ಬಿದ್ದದ್ದು ಹತ್ತೋ ಹನ್ನೆರಡೋ ಕೋಲು, ಬ್ಯಾಗಿಗೆ ಹಾಕಿಕೊಂಡು ಮನೆಗೆ ಒಯ್ದು ಒಲೆಗೆ ಹಾಕಿದ್ದಳು. ಆಮೇಲೆ ಎಲ್ಲವೂ ಹಾಗೇ ಬರತೊಡಗಿದವು, ಬಚ್ಚಿಡುವುದಕ್ಕೆ ಆಗಲಿಲ್ಲ.

"ಅಣ್ಣ ಕೈ ಹಿಡ್ಕೊಂಡು ಬೇಡ್ಕೊಂಡ. ಅವಳಿಗೆ ಹೇಳಬೇಡ, ಯಂತ್ರದ ಕೆಲಸ ಬಿಡಿಸ್ತಾಳೆ, ಅಂದ. ನಾನು ಹೇಳ್ಲಿಲ್ಲ. ಗೊತ್ತಿದ್ದೂ ಹೇಳ್ಲಿಲ್ಲ ಅತ್ತಿಗೆ."

ಹೊರಗೆ ಸುತ್ತಿಗೆಯ ಸದ್ದು ನಡೆದೇ ಇತ್ತು. ಕೆನ್ನೆಯಕ್ಕ ಏನೋ ಹೇಳಲು ಬಾಯಿ ತೆರೆದಳು. ಖಾಲಿ ಬಾಯಿಯಿಂದ ಮಾತಿನ ಬದಲು ಬೇರೇನೋ ಬಂತು, ಮೊದಲು ಕೆಮ್ಮಿನ ಹಾಗೆ, ಆಮೇಲೆ ತಡೆಯಲಾಗದ ಹಾಗೆ. ನಾದಿನಿ ಮೇಜು ಸುತ್ತಿ ಬಂದಳು. ಆ ದಿನ ಮಧ್ಯಾಹ್ನದ ಪಾಳಿಯಲ್ಲಿ ಕತ್ತರಿಸುವ ಕೆಲಸ ನಡೆಯಲಿಲ್ಲ.