ಮಾವನ ನೀಲಿ, ಅತ್ತೆಯ ಹಸಿರು

ಮೊನ್ನೆ ನಿಟ್ಟುವಳ್ಳಿಯ ಅಂಗಡಿಯಲ್ಲಿ ಉಪ್ಪುಕಾಗದ ಕೊಳ್ಳುವಾಗ, ಅಂಗಡಿಯವನು ಹಾಳೆಯನ್ನು ಉಗುರಿನಿಂದ ಪರ್ರೆಂದು ಗೀರಿ ತೋರಿಸಿದ. ನನಗೆ ನಗು ತಡೆಯಲಾಗಲಿಲ್ಲ. ಅವನು ಮುಖ ಗಂಟು ಹಾಕಿಕೊಂಡ. ಅವನಿಗೆ ಹೇಳದ್ದನ್ನು ನಿಮಗಾದರೂ ಹೇಳುತ್ತೇನೆ.

ನನ್ನ ಸೋದರಮಾವ ಹರಿಹರದ ಪಕ್ಕದ ಗುತ್ತೂರಿನಲ್ಲಿ, ಒಂದು ಪೌಡರ್ ಕೋಟಿಂಗ್ ಶೆಡ್ಡಿನಲ್ಲಿದ್ದರು. ಕಬ್ಬಿಣಕ್ಕೆ ಬಣ್ಣದ ಪುಡಿ ಊದಿ ಓವನ್ನಿನಲ್ಲಿ ಬೇಯಿಸುವ ಕೆಲಸ. ಕೆಲಸದ ಕೊನೆಯ ದಿನ ತಮ್ಮ ಮನೆಯ ಗೇಟನ್ನೇ ಒಯ್ದು, ತಾವೇ ಕಡುನೀಲಿ ಬೇಯಿಸಿಕೊಂಡು ಬಂದರು. ಆ ಗೇಟಿಗೆ ಸಿಕ್ಕ ಉಪಚಾರ ನನಗೆ ನನ್ನ ಮದುವೆಯಲ್ಲೂ ಸಿಕ್ಕಿರಲಿಲ್ಲ. ಮಳೆ ಬಂದರೆ ಮಾವ ತೋಯುತ್ತಿದ್ದರು, ಗೇಟು ರೇನ್‌ಕೋಟ್ ಹೊದ್ದು ನಿಲ್ಲುತ್ತಿತ್ತು.

ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಅತ್ತೆಗೆ ವಾಸ್ತು ಹೇಳಿದರು. ಗೇಟಿರುವ ದಿಕ್ಕಿಗೆ ನೀಲಿ ಆಗಿಬರುವುದಿಲ್ಲವಂತೆ, ಹಸಿರೇ ಬೇಕಂತೆ.

"ರೀ, ಹಸ್ರು ಹಚ್ರಿ. ಅಲ್ಲೀತನಕ ನಾ ಈ ಗೇಟು ದಾಟಲ್ಲ!" ಎಂದು ಅತ್ತೆ ಹಿತ್ತಿಲ ಬಾಗಿಲಿನಿಂದ ಓಡಾಡತೊಡಗಿದರು.

ಬೇಯಿಸಿದ ಬಣ್ಣ ಬಲು ನುಣುಪು. ಉಪ್ಪುಕಾಗದದಿಂದ ಉಜ್ಜಿ ಹೊಳಪು ಕೆಡಿಸಿ, ಒರೆಸಿ, ಪ್ರೈಮರ್ ಬಳಿದರಷ್ಟೇ ಮೇಲಿನ ಬಣ್ಣ ಹಿಡಿಯುತ್ತದೆ. ಇಡೀ ಬೀದಿಗೆ ಈ ಪಾಠ ಹೇಳಿದವರು ಮಾವನೇ. ಬೆಳಗಿನಿಂದ ಮಧ್ಯಾಹ್ನದವರೆಗೆ ಪರಪರ ಉಜ್ಜಿದ ಸದ್ದು ಕೇಳಿಸಿತು, ಹಸಿರು ಹಚ್ಚಿದ್ದೂ ಆಯಿತು. ಒಂದೇ ತಿಂಗಳಲ್ಲಿ ಅದು ಕಾವಲಿಯಿಂದ ಬೆಣ್ಣೆದೋಸೆ ಏಳುವಂತೆ ಇಡಿಯಾಗಿ ಎದ್ದು ಬಂತು. ಮತ್ತೆ ಸದ್ದು, ಮತ್ತೆ ಹಸಿರು, ಮತ್ತೆ ದೋಸೆ. ಬಣ್ಣದ ಡಬ್ಬಿಗೆ ಬೈದದ್ದಾಯಿತು, ಗೇಟಿಗೆ ದೃಷ್ಟಿ ತೆಗೆದು ಕುಂಬಳಕಾಯಿ ಒಡೆದದ್ದೂ ಆಯಿತು.

ನಾಲ್ಕನೆಯ ಸಲ ಉಜ್ಜುವ ದಿನ ನಾನು ಹೋದಾಗ ಮಾವ ಗೇಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಬೆವರು ಸುರಿಸಿಕೊಂಡು ಉಪ್ಪುಕಾಗದದಿಂದ ಉಜ್ಜುತ್ತಿದ್ದರು. ಗೇಟನ್ನಲ್ಲ ಸ್ವಾಮಿ, ಇಟ್ಟಿಗೆಯನ್ನು!

"ಇದೇನ್ ಮಾವ?"

"ಮೆಲ್ಲಕೆ ಮಾತಾಡೋ! ನಿಮ್ಮತ್ತೆ ಅಡಿಗೆಮನ್ಯಾಗೆ ಕೇಳಿಸ್ಕೊಂತ ಅದಾಳೆ." ಗೇಟಿನ ಕಡೆ ತಿರುಗಿದವರ ಕಣ್ಣು ತುಂಬಿ ಬಂತು. "ನನ್ ಕೈಯಿಂದ ಆದ ಕಡೇ ಕೆಲ್ಸ ನೋಡೋ ಇದು. ಹೆಂಗೆ ಗೀರ್ಲಿ?"

ನಾನೂ ಇನ್ನೊಂದು ಇಟ್ಟಿಗೆ ತಂದು ಪಕ್ಕದಲ್ಲಿ ಕೂತೆ.

ಮಾವ ಹೋಗಿ ವರ್ಷವಾಯಿತು. ಗೇಟಿನ ಬುಡದಲ್ಲಿ ತುಕ್ಕು ಕಂಡಿದೆ ಎಂದು ಅತ್ತೆ ಫೋನ್ ಮಾಡಿದ್ದರು, ಅದಕ್ಕೇ ಮೊನ್ನೆಯ ಉಪ್ಪುಕಾಗದ. ಕುಂಕುಮದ ಬೊಟ್ಟಿನಷ್ಟು ತುಕ್ಕನ್ನು ಕೆರೆದು, ಪ್ರೈಮರ್ ಮುಟ್ಟಿಸಿದೆ. ಇಡೀ ಗೇಟನ್ನು ಈ ಸಲ ನಿಜವಾಗಿಯೇ ಉಜ್ಜಿ ಅತ್ತೆಯ ಆಸೆ ತೀರಿಸಿಬಿಡೋಣವೆಂದು ಹಸಿರು ಡಬ್ಬಿಯನ್ನೂ ತಂದಿದ್ದೆ.

ಅತ್ತೆ ಆ ನೀಲಿ ಗೇಟನ್ನು ದಾಟಿಯೇ ಹೊರಗೆ ಬಂದರು. ಡಬ್ಬಿಯನ್ನು ಕಾಲಿನಿಂದ ಸರಿಸಿ, ಸೆರಗಿನೊಳಗಿಂದ ಇಟ್ಟಿಗೆಯೊಂದನ್ನು ತೆಗೆದು ಮುಂದಿಟ್ಟರು. ಅದು ಸವೆದು ಸವೆದು ಸೋಪಿನಂತಾಗಿತ್ತು.

"ಗೇಟು ಮುಟ್ಟಬ್ಯಾಡ. ನೀಲೀನೇ ಇರ್ಲಿ. ಇದನ್ನ ಉಜ್ಜು."

"ನಿಮಗೆ ಗೊತ್ತಿತ್ತಾ ಅತ್ತೆ?"

"ಕಬ್ಬಿಣದ ಸದ್ದು ಯಾವ್ದು, ಇಟ್ಟಿಗೆ ಸದ್ದು ಯಾವ್ದು, ಅಷ್ಟೂ ತಿಳಿಯಲ್ಲೇನು ನನಗೆ?"

ಹಾಗೆಂದು ಅಡುಗೆಮನೆಗೆ ಹೋದರು. ನಾನು ಕುಕ್ಕರುಗಾಲಲ್ಲಿ ಕೂತು ಉಜ್ಜತೊಡಗಿದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗು ಬಂತು:

"ಇನ್ನೂ ಜೋರಾಗಿ ಉಜ್ಜೋ, ಅವರು ಉಜ್ತಿದ್ದಂಗೆ!"